ಕಾವಲಿನ ಮೇಲೊಂದು ಇಂಗ್ಲಿಷ್ ಪ್ರಬಂಧ

ಎಂಟು ಪುಟದ ಅಸೈನ್‌ಮೆಂಟು. ಮೊದಲ ಏಳು ಪುಟಗಳಲ್ಲಿ ಕೆಂಪು ಶಾಯಿಯ ಗುರುತೇ ಇರಲಿಲ್ಲ. ಎಂಟನೆಯ ಪುಟದ ಕೊನೆಯಲ್ಲಿ ಮಾತ್ರ ಒಂದು ಸಾಲು: ‘ವಾಟ್ ಈಸ್ ಯುವರ್ ಆರ್ಗ್ಯುಮೆಂಟ್?’

ಅದನ್ನು ಹಿಡಿದುಕೊಂಡು ಬಂದ ಹುಡುಗಿ ಅಜ್ಜಂಪುರದ ಕಡೆಯವಳು. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ, ಪಿಯುಸಿ ಮತ್ತು ಬಿ.ಎ. ಹತ್ತಿರದ ಊರುಗಳಲ್ಲೇ, ಈಗ ಬೆಂಗಳೂರಿನಲ್ಲಿ ಎಂ.ಎ. ಮೊದಲ ವರ್ಷ. ರಜೆಗೆ ಊರಿಗೆ ಹೊರಟವಳು ಕಡೂರಿನಲ್ಲೇ ರೈಲು ಇಳಿದು ನಿವೃತ್ತ ಇಂಗ್ಲಿಷ್ ಮೇಷ್ಟ್ರ ಮನೆಯ ಜಗಲಿ ಮೇಲೆ ಕೂತಿದ್ದಳು. ಅಂಗಳದಲ್ಲಿ ಸುಲಿದ ತೆಂಗಿನಕಾಯಿಯ ಮಟ್ಟೆ ರಾಶಿ ಬಿದ್ದಿತ್ತು.

“ಗ್ರಾಮರ್ ಎಲ್ಲೆಲ್ಲಿ ತಪ್ಪಿದೆ ಅಂತ ತಿದ್ದಿಕೊಡಿ ಸಾರ್.”

ಮೇಷ್ಟ್ರು ಮೊದಲ ವಾಕ್ಯವನ್ನು ಗಟ್ಟಿಯಾಗಿ ಓದಿದರು. “ಸಿನ್ಸ್ ಟೈಮ್ ಇಮ್ಮೆಮೋರಿಯಲ್, ಕ್ಯಾಟಲ್ಸ್ ಆರ್ ಪ್ಲೇಯಿಂಗ್ ಎ ವೈಟಲ್ ರೋಲ್ ಇನ್ ಅವರ್ ಕಂಟ್ರಿ.” ಓದಿ, ಕನ್ನಡಕ ತೆಗೆದರು. “ಕ್ಯಾಟಲ್ ಅನ್ನೋದೇ ಬಹುವಚನ, ಎಸ್ ಬೇಡ. ಆರ್ ಪ್ಲೇಯಿಂಗ್ ಅಲ್ಲ, ಹ್ಯಾವ್ ಪ್ಲೇಡ್. ಸರಿ, ಗ್ರಾಮರ್ ತಿದ್ದಿದ್ದಾಯ್ತು. ಈಗ ಹೇಳು, ಈ ವಾಕ್ಯ ಯಾವ ಊರಿನ ಬಗ್ಗೆ?”

“ಎಲ್ಲಾ ಊರಿಗೂ ಅನ್ವಯಿಸುತ್ತೆ ಸಾರ್.”

“ಎಲ್ಲಾ ಊರಿಗೂ ಅನ್ವಯಿಸೋ ಮಾತು ಹೇಳೋಕೆ ಅಜ್ಜಂಪುರದಿಂದ ನೀನೇ ಹೋಗಬೇಕಿತ್ತಾ?”

ಹುಡುಗಿಯ ಮುಖ ಬಾಡಿತು. ಮೇಷ್ಟ್ರು ಅದನ್ನು ಗಮನಿಸಿ ದನಿ ತಗ್ಗಿಸಿದರು. “ನಿನ್ನನ್ನ ಅಂದಿದ್ದಲ್ಲ. ಹೈಸ್ಕೂಲಲ್ಲಿ ಗಾದೆ ವಿಸ್ತರಣೆ ಹೇಗೆ ಶುರು ಮಾಡ್ತಿದ್ದೆ ನೆನಪಿದೆಯಾ?”

“ಗಾದೆಗಳು ವೇದಗಳಿಗೆ ಸಮ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು.”

“ಯಾವ ಗಾದೆ ಕೊಟ್ರೂ?”

“ಯಾವ ಗಾದೆ ಕೊಟ್ರೂ.”

ಕರ್ನಾಟಕದ ಲಕ್ಷಾಂತರ ಮಕ್ಕಳು ಕಲಿತು ಬಂದ ಪ್ರಬಂಧದ ಪಾಠ ಇದು. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಅಡಿಗೆರೆ ಎಳೆದು ಬರೆಯುವುದು. ಎಲ್ಲ ವಿಷಯಕ್ಕೂ ಹೊಂದುವ ಒಂದು ಆರಂಭ, ಎಲ್ಲ ವಿಷಯಕ್ಕೂ ಹೊಂದುವ ಒಂದು ಮುಕ್ತಾಯ. ಇಂಗ್ಲಿಷ್ ಪರೀಕ್ಷೆಗೂ ಗೈಡಿನಲ್ಲಿ ಅದೇ ಅಚ್ಚು. ಆ ಮೂರು ಶೀರ್ಷಿಕೆಗಳಲ್ಲಿ ತಪ್ಪೇನೂ ಇಲ್ಲ. ಯಾವುದನ್ನು ಎಲ್ಲಿ ಇಡಬೇಕು ಎಂದು ಅವು ಹೇಳಿಕೊಡುತ್ತವೆ. ಇಡಬೇಕಾದದ್ದು ಏನು, ಅದನ್ನು ನೀನು ಹೇಗೆ ಕಂಡುಕೊಂಡೆ ಎಂದು ಮಾತ್ರ ಹತ್ತು ವರ್ಷದಲ್ಲಿ ಯಾರೂ ಕೇಳಿರುವುದಿಲ್ಲ. ಹಾಗಾಗಿ ಎಂ.ಎ.ಗೆ ಬಂದ ಮಗುವಿಗೆ ಕೆಂಪು ಶಾಯಿಯ ಆ ಪ್ರಶ್ನೆ ಎದುರಾದಾಗ, ತೊಂದರೆ ಇಂಗ್ಲಿಷಿನದೇ ಇರಬೇಕು ಎಂದುಕೊಂಡು ಅದು ಗ್ರಾಮರ್ ಪುಸ್ತಕ ಹುಡುಕಿಕೊಂಡು ಹೋಗುತ್ತದೆ. ಅಲ್ಲಿ ಅದರ ಉತ್ತರ ಇಲ್ಲ.

“ನಿನ್ನ ವಿಷಯ ಏನು, ಹೇಳು.”

“ಅಮೃತ್ ಮಹಲ್ ದನಗಳ ಮಹತ್ವ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಅನ್ನೋ ದನಗಳ ಇಲಾಖೆಯಿಂದ ಶುರು ಮಾಡಿದೀನಿ. ಟಿಪ್ಪು ಅದಕ್ಕೆ ಅಮೃತ್ ಮಹಲ್ ಅಂತ ಹೆಸರಿಟ್ಟಿದ್ದು, ಎತ್ತುಗಳು ಫಿರಂಗಿ ಎಳೀತಿದ್ದಿದ್ದು, 1799ರ ನಂತರ ಕಂಪನಿ ಸರ್ಕಾರದ ಕೈಗೆ ಹೋಗಿದ್ದು. 1860ರಲ್ಲಿ ಖರ್ಚು ಉಳಿಸೋಕೆ ಹಿಂಡುಗಳನ್ನ ಮಾರಿಬಿಟ್ಟು, ಆರೇ ವರ್ಷಕ್ಕೆ, 1866ರಲ್ಲಿ, ತಪ್ಪಾಯ್ತು ಅಂತ ಮತ್ತೆ ಕಟ್ಟಿದ್ದು. 1929ರಲ್ಲಿ ನಮ್ಮೂರಿನ ತಳಿ ಕೇಂದ್ರ. ಕೊನೆಗೆ, ಈಗ ಈ ತಳಿ ಉಳಿಸಬೇಕು ಅಂತ.”

“ಇದರಲ್ಲಿ ಯಾವುದಕ್ಕಾದರೂ ಯಾರಾದರೂ ‘ಇಲ್ಲ, ಹಾಗಲ್ಲ’ ಅನ್ನೋಕೆ ಸಾಧ್ಯವಾ?”

ಅವಳು ಯೋಚಿಸಿದಳು. “ಇಲ್ಲ. ಎಲ್ಲಾ ನಿಜ.”

“ಅದೇ ನೋಡು. ನಿಜವಾದ ಮಾಹಿತಿ ಎಷ್ಟೇ ಇದ್ದರೂ ಅದು ಉಗ್ರಾಣ. ಅವರು ಕೇಳ್ತಾ ಇರೋದು ನಿನ್ನ ವಾದ. ಓದಿದವರು ‘ಹೌದಾ? ನಂಗೇನೋ ಹಾಗನ್ನಿಸಲ್ಲ’ ಅಂತ ಎದುರು ಹೇಳಬಹುದಾದ ಒಂದು ಮಾತು, ಅದನ್ನ ನೀನು ಆಧಾರ ಕೊಟ್ಟು ನಿಲ್ಲಿಸಬೇಕು.”

“ಅಂಥದ್ದು ನನ್ನ ಹತ್ರ ಏನೂ ಇಲ್ಲ ಸಾರ್. ನಮ್ಮಜ್ಜನ ಹತ್ರ ಇದೆ,” ಎಂದು ಅವಳು ನಕ್ಕಳು. “ಅಂಗಡಿ ಕಟ್ಟೆಯಲ್ಲಿ ಕೂತು ದಿನಾ ವಾದ ಮಾಡ್ತಾರೆ. ಎಲ್ಲರೂ ಟ್ರಾಕ್ಟರ್ ಬಂತು, ದನ ಹೋದ್ವು ಅಂತಾರೆ. ನಮ್ಮಜ್ಜ, ಟ್ರಾಕ್ಟರ್ ಆಮೇಲೆ ಬಂತು ಕಣ್ರೋ, ಮೊದಲು ಹೋಗಿದ್ದು ಬೇಸಿಗೆ ಕಾವಲು ಅಂತಾರೆ.”

ಮೇಷ್ಟ್ರು ಹಾಳೆಗಳನ್ನು ಪಕ್ಕಕ್ಕಿಟ್ಟರು. “ಬೇಸಿಗೆ ಕಾವಲು ಅಂದ್ರೆ?”

ಆಮೇಲಿನ ಅರ್ಧ ಗಂಟೆ ಮಾತಾಡಿದ್ದು ಅವಳೇ. ಅಮೃತ್ ಮಹಲ್ ದನಗಳು ವರ್ಷವಿಡೀ ಒಂದೇ ಹುಲ್ಲುಗಾವಲಿನಲ್ಲಿ ಇರುತ್ತಿರಲಿಲ್ಲ. ಮಳೆಗಾಲಕ್ಕೆ ಕೆಲವು ಕಾವಲು, ಚಳಿಗಾಲಕ್ಕೆ ಕೆಲವು, ಬೇಸಿಗೆಗೆ ಬೇರೆಯೇ ಕೆಲವು ಎಂದು ಸರ್ಕಾರದ ದಾಖಲೆಯಲ್ಲೇ ಮೂರು ಬಗೆ ಇತ್ತು. ಬೇಸಿಗೆಯವು ನೀರು, ನೆರಳು ಇರುವ ಜಾಗಗಳು. ಹಿಂಡು ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿತ್ತು. ನೀರು ನೆರಳಿರುವ ನೆಲದ ಮೇಲೆ ಉಳುವವರ ಕಣ್ಣು ಮೊದಲು ಬೀಳುವುದು ಸಹಜ. ಅಂಥದ್ದೊಂದು ಕೈಬಿಟ್ಟರೆ ಉಳಿದೆರಡು ಕಾವಲು ಎಷ್ಟೇ ವಿಶಾಲವಾಗಿದ್ದರೂ ಏಪ್ರಿಲ್‌ನಲ್ಲಿ ದನ ಎಲ್ಲಿ ನಿಲ್ಲಬೇಕು?

“ಇದನ್ನ ಕನ್ನಡದಲ್ಲಿ ಒಂದೇ ವಾಕ್ಯದಲ್ಲಿ ಬರಿ,” ಎಂದರು ಮೇಷ್ಟ್ರು.

“ಇಂಗ್ಲಿಷ್‌ನಲ್ಲಿ ಬೇಡವಾ?”

“ಬೇಡ. ಇಂಗ್ಲಿಷ್‌ನಲ್ಲಿ ಬರೆದರೆ ನಿಂಗೆ ಬರೋ ಇಂಗ್ಲಿಷ್ ಎಷ್ಟಿದೆಯೋ ಅಷ್ಟು ಮಾತ್ರ ಯೋಚಿಸ್ತೀಯ.”

ಹತ್ತು ನಿಮಿಷ ಹಿಡಿಯಿತು. ನಾಲ್ಕು ಸಲ ಹೊಡೆದುಹಾಕಿ ಐದನೆಯ ಸಲ ಬರೆದದ್ದು: ‘ಕಾವಲು ಎಷ್ಟು ಎಕರೆ ಹೋಯಿತು ಎಂದು ಎಣಿಸಿದರೆ ನಷ್ಟ ಪೂರ್ತಿ ಕಾಣುವುದಿಲ್ಲ, ಯಾವ ಋತುವಿನ ಕಾವಲು ಹೋಯಿತು ಎಂದು ನೋಡಬೇಕು.’

ಇಂಗ್ಲಿಷ್ ಪ್ರಬಂಧದ ಯೋಜನೆಯನ್ನು ಕನ್ನಡದಲ್ಲಿ ಹಾಕಿಕೊಳ್ಳಲು ಅನೇಕ ವಿದ್ಯಾರ್ಥಿಗಳು ನಾಚುತ್ತಾರೆ, ಅದೇನೋ ಕಳ್ಳದಾರಿ ಎಂಬಂತೆ. ಹಾಗಂದುಕೊಳ್ಳುವ ಕಾರಣವೇ ಇಲ್ಲ. ಯಾವ ಭಾಷೆಯಲ್ಲಿ ಮನುಷ್ಯ ಜಗಳವಾಡಬಲ್ಲನೋ ಆ ಭಾಷೆಯಲ್ಲಿ ವಾದ ಮೊದಲು ಹುಟ್ಟುವುದು ನ್ಯಾಯ. ಬರೆಯುವ ಹೊತ್ತಿಗೆ ಭಾಷೆ ಬದಲಿಸಿಕೊಳ್ಳಬಹುದು. ಹೇಳಲು ಏನೂ ಇಲ್ಲದವರಿಗೆ ಬದಲಿಸಿಕೊಳ್ಳಲು ಏನೂ ಇರುವುದಿಲ್ಲ.

ಹಳೆಯ ಕ್ಯಾಲೆಂಡರಿನ ಹಾಳೆ ಕಿತ್ತು ಮೇಷ್ಟ್ರು ಅದರ ಬೆನ್ನಿಗೆ ಅಡ್ಡಗೆರೆ ಎಳೆದರು. “ನಿಮ್ಮಜ್ಜ ಈ ಮಾತು ಹೇಳಿದ ತಕ್ಷಣ ಕಟ್ಟೆ ಮೇಲಿರೋರು ಮೊದಲು ಏನು ಕೇಳ್ತಾರೆ?”

“ಮೂರು ಥರದ ಕಾವಲು ಇತ್ತು ಅಂತ ಯಾರು ಹೇಳಿದ್ದು ಅಂತ.”

“ಅದು ಮೊದಲ ಭಾಗ. ಆಮೇಲೆ?”

“ಹೋಗಿದ್ದು ಬೇಸಿಗೇದೇ ಅಂತ ಹೇಗೆ ಗೊತ್ತು ಅಂತಾರೆ. ಆಮೇಲೆ, ಹಾಗಾದ್ರೆ ಟ್ರಾಕ್ಟರ್ ಬಂದಿದ್ದು ಸುಳ್ಳಾ ಅಂತಾರೆ.”

“ಅದೇ ಪೂರ್ವಪಕ್ಷ.” ಮೇಷ್ಟ್ರ ದನಿಯಲ್ಲಿ ಹುರುಪು ಬಂತು. “ನಿಮ್ಮ ಕ್ಲಾಸಲ್ಲಿ ಕೌಂಟರ್ ಆರ್ಗ್ಯುಮೆಂಟ್ ಅಂತಾರಲ್ಲ, ಅದು ಹೊರಗಿನಿಂದ ಬಂದ ಸಾಮಾನಲ್ಲ. ನಮ್ಮ ಜಿಲ್ಲೆಯ ಶೃಂಗೇರಿಯಲ್ಲಿ ಶಾಸ್ತ್ರ ಓದೋ ಹುಡುಗನೂ ಕಲಿಯೋದು ಅದನ್ನೇ. ಎದುರಾಳಿ ಹೇಳಬಹುದಾದ್ದನ್ನ ಅವನಿಗಿಂತ ಚೆನ್ನಾಗಿ ನೀನೇ ಹೇಳು. ಆಮೇಲೆ ಸಿದ್ಧಾಂತ. ಟ್ರಾಕ್ಟರ್ ವಾದಾನ ಎರಡು ಸಾಲಲ್ಲಿ ತೆಗೆದುಹಾಕಬೇಡ. ಅದಕ್ಕೊಂದು ಪೂರ್ತಿ ಪ್ಯಾರಾ ಕೊಡು.”

ಹೊರಡುವಾಗ ಅವಳಿಗೆ ಇನ್ನೊಂದು ಸಂಕಟ. ಎರಡು ದಿನ ಕೂತು ‘ಚಿಕ್ಕಮಗಳೂರು ಜಿಲ್ಲೆ, ಅಮೃತ್ ಮಹಲ್’ ಎಂದು ಹಳೆಯ ವರದಿಗಳನ್ನು ಹುಡುಕಿದ್ದಳಂತೆ, ಏನೂ ಸಿಕ್ಕಿರಲಿಲ್ಲ.

“ಸಿಗಲ್ಲ. 1947ರವರೆಗೆ ಈ ಜಿಲ್ಲೆ ಹೆಸರೇ ಕಡೂರು ಜಿಲ್ಲೆ. ಜಿಲ್ಲಾ ಕಚೇರಿ ಚಿಕ್ಕಮಗಳೂರಲ್ಲಿದ್ದರೂ ಹೆಸರು ನಮ್ಮದು. ಕಡೂರು ಅಂತ ಹುಡುಕು. ಅಜ್ಜಂಪುರ ಆಗ ತಾಲ್ಲೂಕಲ್ಲ, ತರೀಕೆರೆ ತಾಲ್ಲೂಕಿನ ಒಳಗೆ ಹುಡುಕು. ಅಮೃತ್ ಅನ್ನೋದರ ಇಂಗ್ಲಿಷ್ ಸ್ಪೆಲ್ಲಿಂಗು ಒಂದೊಂದು ವರದೀಲಿ ಒಂದೊಂದು ಥರ. ಎಲ್ಲಾ ಹಾಕಿ ನೋಡು. ರೈಸ್ ಸಾಹೇಬರ ಮೈಸೂರು ಗೆಜೆಟಿಯರ್, ಅದರ 1897ರ ಪರಿಷ್ಕೃತ ಆವೃತ್ತಿ, ಆಮೇಲೆ ಹಯವದನರಾಯರದ್ದು. ಮೊಬೈಲಲ್ಲೇ ಸಿಗುತ್ತೆ.”

ಎರಡನೆಯ ಮಾತುಕತೆ ಅಮೃತಾಪುರದಲ್ಲಿ ನಡೆಯಿತು. ಮೇಷ್ಟ್ರು ತರೀಕೆರೆಗೆ ಮದುವೆಗೆಂದು ಬಂದಿದ್ದರು. ಊಟ ಮುಗಿಸಿ, ಅಲ್ಲೇ ಹತ್ತಿರದ ಅಮೃತೇಶ್ವರ ದೇವಸ್ಥಾನಕ್ಕೆ ಹೋಗೋಣ ಬಾ ಎಂದು ಫೋನು ಮಾಡಿದರು. ಹುಡುಗಿಯ ಜೊತೆ ಅವಳ ಚಿಕ್ಕಪ್ಪನ ಮಗನೂ ಬಂದ. ಕಡೂರಿನಲ್ಲಿ ರೂಮು ಮಾಡಿಕೊಂಡು ಐಎಎಸ್ ಪರೀಕ್ಷೆಗೆ ಓದುತ್ತಿರುವವನು. ಬಂದವನೇ ಮೊದಲ ಮಾತಿಗೇ ಎದುರು ನಿಂತ.

“ಇವಳು ಇಷ್ಟೆಲ್ಲಾ ಕನ್ನಡದಲ್ಲೇ ಯೋಚಿಸಿ ಇಂಗ್ಲಿಷ್‌ನಲ್ಲಿ ಯಾಕೆ ಬರೀಬೇಕು ಸಾರ್? ನಾನು ಯುಪಿಎಸ್‌ಸಿ ಮೇನ್ಸ್ ಎಸ್ಸೇ ಪೇಪರ್ ಕನ್ನಡದಲ್ಲೇ ಬರೀತೀನಿ. 250 ಮಾರ್ಕ್ಸು, ಮೂರು ಗಂಟೆ, ಎರಡು ಪ್ರಬಂಧ, ಒಂದೊಂದೂ ಸಾವಿರದಿಂದ ಸಾವಿರದಿನ್ನೂರು ಪದ. ಅಷ್ಟು ದೊಡ್ಡ ಪರೀಕ್ಷೇನೇ ಕನ್ನಡ ಒಪ್ಪುತ್ತೆ.”

“ಒಪ್ಪಬೇಕಾದ್ದೇ. ಅದೇ ಮೇನ್ಸ್‌ನಲ್ಲಿ ಇಂಗ್ಲಿಷ್ ಪೇಪರ್ ಒಂದಿದೆಯಲ್ಲ?”

“ಅದು ಬರೀ ಕ್ವಾಲಿಫೈಯಿಂಗ್. 300ಕ್ಕೆ ಶೇಕಡಾ 25 ಬಂದ್ರೆ ಸಾಕು.”

“ಸಾಕು ಅಂತ ನೀನು ಅಂತೀಯ. ಆ 25 ಬರದೆ ಹೋದರೆ ಉಳಿದ ಪೇಪರ್‌ಗಳನ್ನ ಅವರು ಲೆಕ್ಕಕ್ಕೇ ತಗೊಳಲ್ಲ.”

ಹುಡುಗ ಬಿಡಲಿಲ್ಲ. ಇದೇ ತರೀಕೆರೆ ತಾಲ್ಲೂಕಿನ ಸಮತಳದಲ್ಲಿ ಹುಟ್ಟಿದ ರಹಮತ್ ತರೀಕೆರೆ ಅವರ ಮಾತೆತ್ತಿದ. ಅವರು ಕನ್ನಡದಲ್ಲೇ ಸಂಶೋಧನೆ ಬರೆದು, ‘ಕತ್ತಿಯಂಚಿನ ದಾರಿ’ಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರಲ್ಲ? ತೀರ್ಥಹಳ್ಳಿ ಸೀಮೆಯ ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಇಂಗ್ಲಿಷ್ ಸಾಹಿತ್ಯದ ಮೇಲೆ ಪಿಎಚ್.ಡಿ. ಮಾಡುತ್ತಲೇ ‘ಸಂಸ್ಕಾರ’ವನ್ನು ಕನ್ನಡದಲ್ಲಿ ಬರೆಯಲಿಲ್ಲವೆ?

“ಬರೆದರು. ಜೊತೆಗೆ 1966ರಲ್ಲಿ ಆ ಪಿಎಚ್.ಡಿ.ಯನ್ನೂ ಇಂಗ್ಲಿಷ್‌ನಲ್ಲೇ ಮುಗಿಸಿದರು,” ಎಂದರು ಮೇಷ್ಟ್ರು. “ಒಂದಕ್ಕೊಂದು ಅಡ್ಡ ಬರಲಿಲ್ಲ. ರಹಮತ್ ಅವರ ವಿಷಯ ಹೇಳಿದೆಯಲ್ಲ, ಇವಳು ಅವರ ಲೇಖನಗಳನ್ನ ಓದಲೇಬೇಕು. ಒಂದು ವಾದಾನ ಪ್ಯಾರಾದಿಂದ ಪ್ಯಾರಾಕ್ಕೆ ಹೇಗೆ ದಾಟಿಸ್ತಾರೆ ಅಂತ ಕನ್ನಡದಲ್ಲಿ ನೋಡಿದವರಿಗೆ ಇಂಗ್ಲಿಷ್‌ನಲ್ಲಿ ಅದು ಬೇಗ ಕಾಣುತ್ತೆ. ಆದ್ರೆ ಬೇಸಿಗೆ ಕಾವಲಿನ ಕಥೆ ರಾಜಸ್ಥಾನದಲ್ಲಿ ದನ ಮೇಯಿಸೋರ ಬಗ್ಗೆ ಓದ್ತಿರೋ ಹುಡುಗಿಗೂ ತಲುಪಬೇಕು, ಕೀನ್ಯಾದೋರಿಗೂ ತಲುಪಬೇಕು. ಅದಕ್ಕೆ ಇಂಗ್ಲಿಷ್. ನಿಮ್ಮಜ್ಜನ ಮಾತು ಅಷ್ಟು ದೂರ ಹೋಗೋದು ಬೇಡವಾ?”

ಹುಡುಗ ಒಪ್ಪಿದನೋ ಇಲ್ಲವೋ, ಸುಮ್ಮನಾದ.

ಅಮೃತಾಪುರದ ಗುಡಿ 1196ರದು, ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ಮುಂದೆ ಹೊಯ್ಸಳ ಶಿಲ್ಪದಲ್ಲಿ ದೊಡ್ಡ ಹೆಸರಾದ ಮಲ್ಲಿತಮ್ಮ ಕೈ ಪಳಗಿಸಿಕೊಂಡದ್ದು ಇಲ್ಲಿಯ ಮಂಟಪದ ಒಳಛಾವಣಿಗಳಲ್ಲಿ. ಮೂವರೂ ನಿಂತದ್ದು ಮಾತ್ರ ದೊಡ್ಡ ಶಾಸನದ ಕಲ್ಲಿನೆದುರು. ಅದರಲ್ಲಿರುವುದು ಕವಿ ಜನ್ನನ ಪದ್ಯಗಳು.

“ಇದನ್ನ ನಿಂಗೆ ತೋರಿಸೋಕೇ ಕರೆದದ್ದು,” ಎಂದರು ಮೇಷ್ಟ್ರು. “ದಾನಶಾಸನಗಳಲ್ಲಿ ದೇವರ ಸ್ತುತಿ, ರಾಜನ ವಂಶ, ದಾನಿಯ ಹೊಗಳಿಕೆ ಎಷ್ಟು ಬೇಕಾದರೂ ಉದ್ದ ಇರಬಹುದು. ಆಮೇಲೆ ಬರುತ್ತೆ ಎಲ್ಲೆ. ಪೂರ್ವಕ್ಕೆ ಈ ಹಳ್ಳ, ದಕ್ಷಿಣಕ್ಕೆ ಆ ಬಂಡೆ, ಪಶ್ಚಿಮಕ್ಕೆ ಇಂಥ ಮರ. ಕೊಟ್ಟ ಭೂಮಿ ಅಷ್ಟೇ, ಅದರಾಚೆ ಇಲ್ಲ. ನಿನ್ನ ಪ್ರಬಂಧದ ಎಲ್ಲೆ ಕಲ್ಲು ಎಲ್ಲಿದೆ?”

ಹುಡುಗಿ ತನ್ನ ಹೊಸ ಡ್ರಾಫ್ಟಿನ ಹಾಳೆಗಳನ್ನು ತೆಗೆದಳು. ವಾದ ಬಂದಿತ್ತು. ಅದರ ಜೊತೆಗೆ ಹಳ್ಳಿಕಾರ್ ತಳಿಯೂ ಬಂದಿತ್ತು, ಭದ್ರಾ ಮೇಲ್ದಂಡೆ ಯೋಜನೆಯ ಅಜ್ಜಂಪುರದ ಸುರಂಗವೂ ಬಂದಿತ್ತು, ಚಳ್ಳಕೆರೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಕೊಟ್ಟ 1,500 ಎಕರೆ ಕಾವಲೂ ಬಂದಿತ್ತು.

“ಚಳ್ಳಕೆರೇದು ಮುಖ್ಯ ಅಲ್ವಾ ಸಾರ್? ಪೇಪರಲ್ಲೆಲ್ಲಾ ಬಂದಿತ್ತು.”

“ಬಹಳ ಮುಖ್ಯ. ಅದಕ್ಕೇ ಅದು ಇನ್ನೊಂದು ಪ್ರಬಂಧ. ಎರಡು ಸಾವಿರ ಪದದಲ್ಲಿ ನೀನು ಉಳಬಹುದಾದ ಹೊಲ ಎಷ್ಟು? ತರೀಕೆರೆ, ಕಡೂರು ತಾಲ್ಲೂಕಿನ ಕಾವಲು ಅಂತ ಮೊದಲ ಪುಟದಲ್ಲೇ ಎಲ್ಲೆ ಹಾಕು. ಯಾವುದನ್ನ ಹೇಳಲ್ಲ ಅಂತ ಒಂದು ವಾಕ್ಯದಲ್ಲಿ ಹೇಳಿಬಿಟ್ಟರೆ, ಅದನ್ನ ಯಾಕೆ ಬಿಟ್ಟೆ ಅಂತ ಯಾರೂ ನಿನ್ನ ಹಿಡಿಯಲ್ಲ.”

ಅಡಿಟಿಪ್ಪಣಿಯ ಪಾಠವೂ ಅಲ್ಲೇ ಆಯಿತು. ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೆಯ ಸಂಪುಟ 1901ರದು, ಪೂರ್ತಿ ಕಡೂರು ಜಿಲ್ಲೆಯ ಶಾಸನಗಳಿಗೇ ಮೀಸಲು. ಅದರಲ್ಲಿ ಒಂದೊಂದು ತಾಲ್ಲೂಕಿಗೂ ಎರಡಕ್ಷರದ ಗುರುತು: ಕಡೂರಿಗೆ ಕೆ-ಡಿ, ತರೀಕೆರೆಗೆ ಟಿ-ಕೆ. ನೂರಿಪ್ಪತ್ತು ವರ್ಷಗಳಿಂದ ಜಗತ್ತಿನ ಯಾವ ಮೂಲೆಯಲ್ಲಿ ಯಾರೇ ಹೊಯ್ಸಳರ ಬಗ್ಗೆ ಇಂಗ್ಲಿಷಿನಲ್ಲಿ ಬರೆದರೂ ಪುಟದ ಕೆಳಗೆ ಆ ಎರಡಕ್ಷರ ಮತ್ತು ಒಂದು ಸಂಖ್ಯೆ ಹಾಕುತ್ತಾರೆ. ಓದಿದವರು ಅದನ್ನು ಹಿಡಿದು ನೇರ ಈ ಕಲ್ಲಿನೆದುರು ಬಂದು ನಿಲ್ಲಬಹುದು.

“ರೆಫರೆನ್ಸ್ ಅಂದ್ರೆ ಮಾರ್ಕ್ಸಿಗೆ ಹಾಕೋ ಪಟ್ಟಿ ಅಂದ್ಕೊಂಡಿದ್ದೆ,” ಎಂದಳು ಹುಡುಗಿ.

“ಅದು ದಾರಿ. ನೀನು ಬಂದ ದಾರೀಲಿ ಇನ್ನೊಬ್ಬರೂ ಬಂದು, ನೀನು ನೋಡಿದ್ದು ಅಲ್ಲಿದೆಯೋ ಇಲ್ಲವೋ ನೋಡ್ಕೊಂಡು ಹೋಗೋ ಹಾಗಿರಬೇಕು. ಈ ಮೊಬೈಲಲ್ಲಿ ಕೇಳಿದ್ರೆ ಪೂರ್ತಿ ಪ್ರಬಂಧ ಬರೆದುಕೊಡೋದು ಬಂದಿದೆಯಲ್ಲ, ಅದರ ಕೆಳಗಿನ ರೆಫರೆನ್ಸ್‌ಗಳನ್ನ ಹುಡುಕಿ ನೋಡಿದೀಯಾ?”

“ಒಂದ್ಸಲ ನೋಡ್ದೆ. ಪುಸ್ತಕದ ಹೆಸರಿತ್ತು, ಪುಟದ ನಂಬರೂ ಇತ್ತು. ಅಂಥ ಪುಸ್ತಕಾನೇ ಇರ್ಲಿಲ್ಲ.”

“ನಕಲು ಮಾಡಿದರೆ ಆಗೋದೇನು ಸಾರ್?” ಹುಡುಗ ಕೇಳಿದ.

ಯುಜಿಸಿ 2018ರಲ್ಲಿ ತಂದ ನಿಯಮವನ್ನು ಮೇಷ್ಟ್ರು ವಿವರಿಸಿದರು. ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಅದರ ಮೇಲೆ ಮೂರು ಹಂತ. ಶೇಕಡಾ 60 ದಾಟಿದರೆ ಸಂಶೋಧಕನ ನೋಂದಣಿಯೇ ರದ್ದಾಗಬಹುದು. ಆದರೆ ಮೂಲ ಹೇಳಿ ಉದ್ಧರಿಸಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. “ಹೆದರಿಕೆ ಬೇಡ, ಹೆಸರು ಹೇಳು, ಅಷ್ಟೇ,” ಎಂದರು.

“ಹಾಗಾದ್ರೆ ನಮ್ಮಜ್ಜನ ಮಾತಿಗೆ ಏನಂತ ಹಾಕ್ಲಿ? ಅವರು ಪುಸ್ತಕ ಅಲ್ಲವಲ್ಲ.”

“ಸಂದರ್ಶನ. ಯಾವತ್ತು, ಯಾವ ಊರಲ್ಲಿ, ಎಷ್ಟು ವಯಸ್ಸಿನ ದನಗಾಹಿ. ಹೆಸರು ಹಾಕೋಕೆ ಅವರ ಒಪ್ಪಿಗೆ ಕೇಳು. ರೈಸ್ ಸಾಹೇಬರ ಪಕ್ಕದಲ್ಲೇ ಕೂರಿಸು.”

ಅವಳಿಗೆ ಆ ಕ್ಷಣ ಏನೂ ಹೇಳಲು ತೋಚಲಿಲ್ಲ.

ಮೂರು ವಾರದ ಮೇಲೆ, ಸಂಕ್ರಾಂತಿ ಹತ್ತಿರವಿರುವಾಗ, ಅವಳು ಮತ್ತೆ ಕಡೂರಿನ ಜಗಲಿಯಲ್ಲಿದ್ದಳು. ಈ ಸಲ ಎದುರಿಗಿದ್ದದ್ದು ಮೂರನೆಯ ಡ್ರಾಫ್ಟು. ಅವಳ ಲೆಕ್ಕದಲ್ಲಿ ಅದೇ ಕೊನೆಯದು.

“ಸ್ಪೆಲ್ಲಿಂಗ್ ಎಲ್ಲಾ ನೋಡಿದೀನಿ. ರಿವಿಷನ್ ಮುಗೀತು ಸಾರ್.”

“ಅದು ಪ್ರೂಫ್ ನೋಡೋದು. ರಿವಿಷನ್ ಇನ್ನೂ ಶುರುವೇ ಆಗಿಲ್ಲ.” ಮೇಷ್ಟ್ರು ಒಳಗೆ ಹೋಗಿ, ಬೆನ್ನು ಸವೆದ ಪುಸ್ತಕವೊಂದನ್ನು ತಂದರು. ಎಂ. ಎನ್. ಶ್ರೀನಿವಾಸ್ ಅವರ ‘ದಿ ರಿಮೆಂಬರ್ಡ್ ವಿಲೇಜ್’.

ಶ್ರೀನಿವಾಸ್ ಮೈಸೂರಿನವರು, 1916ರಲ್ಲಿ ಹುಟ್ಟಿದವರು. ಬೊಂಬಾಯಿಯಲ್ಲಿ ಘುರ್ಯೆ ಅವರ ಶಿಷ್ಯರಾಗಿ ಕೊಡವರ ಬಗ್ಗೆ ಪಿಎಚ್.ಡಿ. ಪ್ರಬಂಧ ಬರೆದರು. ಅದಾದ ಮೇಲೆ ಆಕ್ಸ್‌ಫರ್ಡ್‌ಗೆ ಹೋದರೆ ಅಲ್ಲಿ ರ‍್ಯಾಡ್‌ಕ್ಲಿಫ್-ಬ್ರೌನ್ ಅದೇ ಸಾಮಗ್ರಿಯನ್ನು ಇನ್ನೊಂದು ಪ್ರಶ್ನೆ ಹಿಡಿದು ನೋಡಿ ಎಂದರು. ಅದೇ ಕೊಡಗು, ಅದೇ ಟಿಪ್ಪಣಿಗಳು. ಪ್ರಶ್ನೆ ಬೇರೆಯಾದ್ದರಿಂದ ಪ್ರಬಂಧವೂ ಬೇರೆಯಾಯಿತು. 1947ರಲ್ಲಿ ಅದಕ್ಕೆ ಡಿ.ಫಿಲ್. ಬಂತು, 1952ರಲ್ಲಿ ಅದು ಪುಸ್ತಕವಾಯಿತು. ಇಂದಿಗೂ ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಓದುವುದು ಆ ಎರಡನೆಯ ಬರಹದಿಂದ ಬಂದ ಪುಸ್ತಕವನ್ನು. ಒಮ್ಮೆ ಪದವಿ ಪಡೆದ ಪ್ರಬಂಧವನ್ನು ಮತ್ತೆ ಬಿಚ್ಚಿ ಕಟ್ಟುವ ಆ ತಾಳ್ಮೆಗೆ ಕೈಮುಗಿಯಬೇಕು.

ಅವರ ಬದುಕಿನ ಇನ್ನೊಂದು ಘಟನೆ ಇದಕ್ಕಿಂತ ಕಠಿಣ. 1948ರಲ್ಲಿ ಮೈಸೂರಿನ ಬಳಿಯ ಹಳ್ಳಿಯೊಂದರಲ್ಲಿ ಇದ್ದು ಮಾಡಿಕೊಂಡ ಟಿಪ್ಪಣಿಗಳನ್ನು ಅವರು ವರ್ಷಗಟ್ಟಲೆ ಒಪ್ಪ ಮಾಡಿ ಮೂರು ಪ್ರತಿ ಇಟ್ಟುಕೊಂಡಿದ್ದರು. 1970ರ ಏಪ್ರಿಲ್ 24ರಂದು ಸ್ಟ್ಯಾನ್‌ಫರ್ಡ್‌ನ ಅಧ್ಯಯನ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿದರು. ಮೂರೂ ಪ್ರತಿ ಸುಟ್ಟುಹೋದವು. ನೆನಪಿನಿಂದಲೇ ಬರೆಯಿರಿ ಎಂದು ಸೋಲ್ ಟ್ಯಾಕ್ಸ್ ಎಂಬ ಸಹೋದ್ಯೋಗಿ ಹೇಳಿದರು. 1976ರಲ್ಲಿ ಈ ಪುಸ್ತಕ ಬಂತು.

“ನಿನ್ನ ಹಾಳೆ ಯಾರೂ ಸುಡೋದು ಬೇಡ,” ಎಂದರು ಮೇಷ್ಟ್ರು. “ಪಕ್ಕಕ್ಕಿಟ್ಟು ಕಣ್ಮುಚ್ಚಿ ಹೇಳು. ನಾಲ್ಕನೇ ಪ್ಯಾರಾ ಏನು ಮಾಡ್ತಾ ಇದೆ?”

“1860ರಲ್ಲಿ ದನ ಮಾರಿದ ವಿಷಯ ಹೇಳುತ್ತೆ.”

“ವಿಷಯ ಕೇಳಲಿಲ್ಲ. ನಿನ್ನ ವಾದಕ್ಕೆ ಅದು ಮಾಡೋ ಕೆಲಸ ಏನು?”

ಉತ್ತರ ಬರಲಿಲ್ಲ. ಮೇಷ್ಟ್ರು ಪೆನ್ಸಿಲ್ ಕೊಟ್ಟರು. ಒಂದೊಂದು ಪ್ಯಾರಾದ ಪಕ್ಕ, ಅಂಚಿನಲ್ಲಿ, ಅದರ ಕೆಲಸ ಏನೆಂದು ಕನ್ನಡದಲ್ಲಿ ಒಂದು ಸಾಲು ಬರೆಯಬೇಕು. ಬರೆಯಲು ಆಗದಿದ್ದರೆ ಆ ಪ್ಯಾರಾ ಸುಮ್ಮನೆ ಕೂತಿದೆ ಎಂದು ಅರ್ಥ. ಎರಡು ಪ್ಯಾರಾಗಳಿಗೆ ಒಂದೇ ಸಾಲು ಬಂದರೆ ಅವೆರಡೂ ಒಂದಾಗಬೇಕು. ಕೊನೆಗೆ ಅಂಚಿನ ಸಾಲುಗಳನ್ನಷ್ಟೇ ಮೇಲಿಂದ ಕೆಳಗೆ ಓದಿಕೊಂಡರೆ ಅಜ್ಜ ಕಟ್ಟೆಯ ಮೇಲೆ ಮಾತಾಡಿದ ಹಾಗೆ ಕೇಳಿಸಬೇಕು.

ಹನ್ನೊಂದು ಪ್ಯಾರಾಗಳಲ್ಲಿ ಮೂರಕ್ಕೆ ಅವಳು ಸಾಲು ಬರೆಯಲಾಗಲಿಲ್ಲ. ಅವುಗಳಲ್ಲಿ ಒಂದು ಅವಳಿಗೆ ಬಹಳ ಇಷ್ಟದ್ದು, ಟಿಪ್ಪುವಿನ ಸೈನ್ಯದ ಎತ್ತುಗಳ ಓಟದ ವರ್ಣನೆ.

“ಇದನ್ನ ಬರೆಯೋಕೆ ಎರಡು ದಿನ ತಗೊಂಡೆ ಸಾರ್.”

“ಗೊತ್ತು. ಬೇರೆ ಪುಸ್ತಕಕ್ಕೆ ಎತ್ತಿಡು. ಹರಿದುಹಾಕಬೇಡ.”

1860ರ ಪ್ಯಾರಾ ಮಾತ್ರ ಉಳಿಯಿತು, ಜಾಗ ಬದಲಾಗಿ. ಖರ್ಚಿನ ಲೆಕ್ಕ ನೋಡಿ ಮಾರಿದ ಸರ್ಕಾರ ಆರು ವರ್ಷಕ್ಕೆ ಮತ್ತೆ ಕೊಂಡು ಕಟ್ಟಬೇಕಾಯಿತಲ್ಲ. ಹಣದ ಅಂಕಿಯೊಂದೇ ನೋಡಿದರೆ ನಷ್ಟ ಕಾಣುವುದಿಲ್ಲ ಎನ್ನುವುದಕ್ಕೆ ಅದು ಸಾಕ್ಷಿ. ಎಕರೆಯ ಅಂಕಿಯೊಂದೇ ಸಾಲದು ಎನ್ನುವ ಅವಳ ಮಾತಿಗೆ ಅದು ಹಳೆಯ ಜೊತೆಗಾರ. ಇತಿಹಾಸವೆಂದು ಎರಡನೆಯ ಪುಟದಲ್ಲಿ ಬಿದ್ದುಕೊಂಡಿದ್ದ ಪ್ಯಾರಾ ಟ್ರಾಕ್ಟರಿನ ಪೂರ್ವಪಕ್ಷ ಮುಗಿದ ತಕ್ಷಣ ಬಂದು ನಿಂತಿತು.

ವಾಕ್ಯಗಳ ಸರದಿ ಬಂದದ್ದು ಆಮೇಲೆಯೇ. ‘ಕಾವಲ್ಸ್ ವರ್ ಡಿಸ್ಟ್ರಿಬ್ಯೂಟೆಡ್’ ಎಂಬಲ್ಲಿ ಮೇಷ್ಟ್ರ ಪೆನ್ಸಿಲ್ ನಿಂತಿತು.

“ಯಾರು ಹಂಚಿದ್ದು?”

“ಸರ್ಕಾರ.”

“ಯಾವ ಸರ್ಕಾರ, ಯಾವಾಗ, ಯಾರಿಗೆ? ಕನ್ನಡದಲ್ಲೂ ಈಗೀಗ ‘ಹಂಚಲಾಯಿತು, ತೀರ್ಮಾನಿಸಲಾಯಿತು’ ಅಂತ ಬರೀತಾರೆ. ನಿಮ್ಮಜ್ಜ ಯಾವತ್ತಾದರೂ ‘ನನ್ನಿಂದ ದನ ಮೇಯಿಸಲಾಯಿತು’ ಅಂದಿದಾರಾ? ಮಾಡಿದವರ ಹೆಸರು ಗೊತ್ತಿದ್ದರೆ ಹೇಳು.”

ಇನ್ನೊಂದು ಕಡೆ ವಾಕ್ಯ ಐದು ಸಾಲು ಓಡಿತ್ತು. ಹಿಂಡು ಕಾವಲಿಗೆ ಹೋಗಿ, ಮೇಯ್ದು, ನೀರು ಕುಡಿದು, ಮಳೆ ಬಿದ್ದ ಮೇಲೆ ತಿರುಗಿ ಬರುತ್ತಿತ್ತು ಎಂಬ ಕನ್ನಡದ ನಡೆ ಇಂಗ್ಲಿಷಿನಲ್ಲಿ ಆರು ‘ಅಂಡ್’ಗಳಾಗಿ ಇಳಿದಿತ್ತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹೋಗಿ, ಮಾಡಿ, ನೋಡಿ ಎಂದು ಎಷ್ಟು ಪೋಣಿಸಿದರೂ ಕೊನೆಯ ಕ್ರಿಯಾಪದ ಎಲ್ಲವನ್ನೂ ಹಿಡಿದು ಗಂಟು ಹಾಕುತ್ತದೆ. ಇಂಗ್ಲಿಷ್ ಓದುವವರು ಯಾರು, ಏನು ಮಾಡಿದರು ಎಂಬುದನ್ನು ವಾಕ್ಯದ ಬಾಗಿಲಲ್ಲೇ ಕೇಳುತ್ತಾರೆ. ಹುಡುಗಿ ಅದನ್ನು ಮೂರು ವಾಕ್ಯ ಮಾಡಿದಳು. ಪ್ಯಾರಾಗೂ ಇದೇ ಮಾತು ಹೊಂದುತ್ತದೆ. ಕನ್ನಡದ ಹಿರಿಯರು ಕಥೆ ಹೇಳುವಾಗ ತಾತ್ಪರ್ಯವನ್ನು ಕೊನೆಗೆ ಕಟ್ಟಿಡುತ್ತಾರೆ, ಕೇಳುವವರೂ ಕಾಯುತ್ತಾರೆ. ಅವಳ ಪ್ಯಾರಾಗಳಲ್ಲೂ ಮುಖ್ಯ ಮಾತು ಕೊನೆಯ ಸಾಲಿನಲ್ಲಿತ್ತು. ಅದನ್ನು ಎತ್ತಿ ಮೊದಲ ಸಾಲಿಗೆ ತಂದದ್ದಷ್ಟಕ್ಕೇ ಅರ್ಧ ಪ್ರಬಂಧ ತಿಳಿಯಾಯಿತು.

“‘ದಿಸ್ ಪ್ರೂವ್ಸ್’ ಅಂತ ಬರೆದಿದೀಯ. ಪ್ರೂವ್ ಆಯ್ತಾ?”

“ಒಂದು ಗೆಜೆಟಿಯರ್, ನಾಲ್ಕು ಜನ ಅಜ್ಜಂದಿರು. ಪೂರ್ತಿ ಅಂತ ಹೇಗೆ ಹೇಳೋದು?”

“ಹಾಗಾದ್ರೆ ‘ಸಜೆಸ್ಟ್ಸ್’. ತೋರುತ್ತದೆ ಅಂತೀವಲ್ಲ, ಅದೇ. ಹಿಂಜರಿಕೆ ಅಂದ್ಕೋಬೇಡ. ನಿಂಗೆ ಗೊತ್ತಿರೋದು ಎಷ್ಟೋ ಅಷ್ಟೇ ಅಳತೆ ಹಾಕಿ ಹೇಳಿದ್ದು.”

ಸಂಜೆಯವರೆಗೂ ಕೂತರು. ಎರಡು ಸಲ ಕಾಫಿ ಬಂತು. ‘ಎ’ ಎಲ್ಲಿ, ‘ದಿ’ ಎಲ್ಲಿ ಎಂಬುದು ಕೊನೆಯವರೆಗೂ ಅವಳಿಗೆ ಪೂರ್ತಿ ಹಿಡಿತಕ್ಕೆ ಬರಲಿಲ್ಲ, ಅದಕ್ಕೆ ಇನ್ನೂ ಕೆಲವು ವರ್ಷದ ಓದು ಬೇಕು. ಮೇಷ್ಟ್ರು ಅವುಗಳನ್ನು ತಿದ್ದಿಕೊಟ್ಟರು, ಅದಕ್ಕಾಗಿ ಒಂದು ಮಾತೂ ಆಡಲಿಲ್ಲ.

ಅಜ್ಜಂಪುರದ ಮನೆಯಲ್ಲಿ ಆ ರಾತ್ರಿ ಅಜ್ಜ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದರು. ಮೊಮ್ಮಗಳು ಹಾಳೆ ಹಿಡಿದು ಬಂದಳು. ಗಟ್ಟಿಯಾಗಿ ಓದಿದರೆ ಎಡವುವ ವಾಕ್ಯ ಕಿವಿಗೇ ಸಿಗುತ್ತದೆ, ಮನೆಯಲ್ಲಿ ಯಾರ ಮುಂದಾದರೂ ಓದು ಎಂದು ಮೇಷ್ಟ್ರು ಹೇಳಿ ಕಳಿಸಿದ್ದರು.

“ಇಂಗ್ಲೀಷು ನಂಗೇನು ತಿಳೀತದೆ?”

“ಕೇಳು ತಾತ. ಒಂದೊಂದು ಪ್ಯಾರಾ ಆದ್ಮೇಲೆ ಕನ್ನಡದಲ್ಲಿ ಹೇಳ್ತೀನಿ.”

ಓದಿದಳು. ಎರಡು ಕಡೆ ನಾಲಿಗೆ ತಡವರಿಸಿತು, ಅಲ್ಲಿ ಗೆರೆ ಹಾಕಿಕೊಂಡಳು. ಟ್ರಾಕ್ಟರಿನ ಪ್ಯಾರಾ ಬಂದಾಗ ಅಜ್ಜ, “ಅದನ್ಯಾಕೆ ಅಷ್ಟು ಚೆನ್ನಾಗಿ ಹೇಳಿದೀಯ, ಅವರ ಪರ?” ಎಂದು ಸಿಡುಕಿದರು. ಮುಂದಿನ ಪ್ಯಾರಾ ಕೇಳಿ ಸುಮ್ಮನಾದರು. ಬೇಸಿಗೆ ಕಾವಲುಗಳ ಪ್ಯಾರಾ ಮುಗಿದಾಗ ಅವರು ಬಾಯಲ್ಲಿದ್ದ ಎಲೆಯನ್ನು ಹೊರಗೆ ಹೋಗಿ ಉಗುಳಿ ಬಂದರು.

“ಮೂರು ಕಾವಲಿನ ಹೆಸರು ಓದಿದೆಯಲ್ಲ, ಇನ್ನೊಂದ್ಸಲ ಓದು.”

ಓದಿದಳು.

“ಎರಡನೇದು ಬೇಸಿಗೇದಲ್ಲ. ಅದು ಮಳೆಗಾಲದ್ದು. ಅಲ್ಲಿ ಬೇಸಿಗೇಲಿ ಒಂದು ಹನಿ ನೀರಿರ್ತಿರ್ಲಿಲ್ಲ, ನಮ್ಮಪ್ಪನ ಜೊತೆ ನಾನೇ ಹೋಗಿದೀನಿ.”

“ನಾನು ಮ್ಯಾಪ್ ನೋಡಿ ಹಾಕಿದ್ದು ತಾತ.”

“ಮ್ಯಾಪಿನವರು ಅಲ್ಲಿಗೆ ಯಾವ ತಿಂಗಳು ಬಂದಿದ್ರಂತೆ?”

ಹುಡುಗಿ ಅಜ್ಜನ ಮುಖವನ್ನೊಮ್ಮೆ, ಹಾಳೆಯನ್ನೊಮ್ಮೆ ನೋಡಿದಳು. ಆ ಹೆಸರಿನ ಮೇಲೆ ಗೆರೆ ಎಳೆದು, ಅಂಚಿನಲ್ಲಿ ‘ಮಳೆಗಾಲ? ನಾಳೆ ತಾತನ ಜೊತೆ ಹೋಗಿ ನೋಡಬೇಕು’ ಎಂದು ಕನ್ನಡದಲ್ಲಿ ಬರೆದುಕೊಂಡಳು. ಆಮೇಲೆ ಮೊದಲ ಪುಟಕ್ಕೆ ತಿರುಗಿಸಿ, ಮೂರನೆಯ ಡ್ರಾಫ್ಟು ಎಂದಿದ್ದುದನ್ನು ಹೊಡೆದು ನಾಲ್ಕನೆಯದು ಎಂದು ತಿದ್ದಿದಳು.